ಸಾವಿತ್ರಕ್ಕನ ಹಸಿರು ಬಾವುಟ

ಬಾದಾಮಿಯ ಹತ್ತಿರ ನಿವೃತ್ತ ರೈಲ್ವೆಯವರೂ ಅವರ ಮನೆಯವರೂ ಸಂಬಳವಿಲ್ಲದೆ ನಡೆಸುವ ಹಳೆಯ ಉಗಿಬಂಡಿಯೊಂದಿದೆ. ಅದು ಭಾನುವಾರ ಬೆಳಿಗ್ಗೆ ಒಂದೇ ಸಲ ಓಡುತ್ತದೆ. ನಾವು ಹೋದಾಗ ಕೆಂಪು ಗುಡ್ಡ ಬಿಳಿ ಉಗಿಯಲ್ಲಿ ತೇಲಿದಂತಿತ್ತು. ಎಂಜಿನ್ ಒರೆಸಲು ಗುಳೇದಗುಡ್ಡದ ಮಗ್ಗಗಳ ಕತ್ತರಿಸಿದ ನೂಲು ಬರುತ್ತದಂತೆ; ಡ್ರೈವರ್ ಹಣಮಂತಪ್ಪನವರ ಎಣ್ಣೆಗೈಗೆ ಗುಲಾಬಿ, ಹಸಿರು ಎಳೆಗಳು ಅಂಟಿದ್ದವು. ಬಂಡಿಯ ಗಾರ್ಡ್ ಆಗಿದ್ದವಳು ಅವರ ಹೆಂಡತಿ ಸಾವಿತ್ರಕ್ಕ.

ಈ ಬಂಡಿ ಹತ್ತಬೇಕೆಂದೇ ಇಳಕಲ್ಲಿನಿಂದ ಬಂದಿದ್ದ ನನ್ನ ಅವ್ವ, ಮೊಣಕಾಲು ನೋವಿಗೆ ಇನ್ನೂ ಮೊದಲ ಮೆಟ್ಟಿಲಲ್ಲೇ ನಿಂತಿದ್ದಳು. ಹಣಮಂತಪ್ಪನವರು ಎಂಜಿನ್ ಕೂಗಿಸಿದರು.

"ಉಗಿ ಇಳ್ಯಾಕತ್ತೈತಿ, ಲಗೂ ಝಂಡಾ ತೋರ್ಸು!"

ಸಾವಿತ್ರಕ್ಕ ಬಾವುಟವನ್ನು ಬೆನ್ನ ಹಿಂದೆ ಹಿಡಿದಳು. "ಎಷ್ಟರ ಕೂಗಸ್ರಿ. ನಿಮ್ಮ ಡ್ಯೂಟಿ ಮುಗಿಯೂತನಕ ಮೂವತ್ತ ವರ್ಷ ರೊಟ್ಟಿ ಇಟ್ಕೊಂಡ ಕಾದೇನಿ, ಇವತ್ತ ನೀವ್ ಕಾಯ್ರಿ. ಅವ್ವಾರ, ನೀವು ಸಾವಕಾಶ ಹತ್ರಿ."

ಎಂಜಿನ್ ಉಸಿರು ಬಿಡುತ್ತ ಕಾದು ನಿಂತಿತು. ಅವ್ವ ಕಿಟಕಿಯ ಪಕ್ಕ ಕೂತು ಸೆರಗು ಹೊದ್ದುಕೊಂಡ ಮೇಲೆಯೇ ಬಾವುಟ ಮೇಲೆದ್ದಿತು.

ಒಂದು ಕುಲುಕೂ ಆಗಲಿಲ್ಲ. "ಹೊಂಟೇತೇನ?" ಎಂದು ಅವ್ವ ಕೇಳಿದಳು. ಕಿಟಕಿಯಾಚೆ ಬೇವಿನ ಮರ ಮೆಲ್ಲಗೆ ಹಿಂದಕ್ಕೆ ನಡೆಯುತ್ತಿತ್ತು.