ಬೋರೇಗೌಡರು ಬಾಯಿ ತೆರೆದ ದಿನ

ಇದು 1963ರ ಮಾತು. ನಾನು ನರ್ಸ್ ತರಬೇತಿ ಮುಗಿಸಿ ಹೊಳೆನರಸೀಪುರದಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ನಮ್ಮದು ಊರಾಚೆಯ ಕೇರಿ. ಅಲ್ಲಿಂದ ಓದಿ ಸಂಬಳದ ಕೆಲಸ ಹಿಡಿದ ಮೊದಲ ಹೆಣ್ಣು ನಾನೇ.

ಆ ವರ್ಷ ನಮ್ಮ ಜಿಲ್ಲೆಯಲ್ಲಿ ಒಂದು ಹೊಸ ಕ್ರಮ ಬಂತು. ನಲವತ್ತು ದಾಟಿದ, ಹೊಗೆಸೊಪ್ಪು ಹಾಕಿಕೊಳ್ಳುವವರ ಬಾಯನ್ನೆಲ್ಲ ಹಳ್ಳಿಹಳ್ಳಿಗೆ ಹೋಗಿ ಪರೀಕ್ಷಿಸಬೇಕು, ಕ್ಯಾನ್ಸರ್ ಇದ್ದರೆ ಬೇಗ ಪತ್ತೆ ಮಾಡಬೇಕು ಅಂತ. ಹಾಸನದಲ್ಲಿ ಸಭೆ ಕರೆದರು. ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ, ಎಲ್ಲ ಕಡೆಯಿಂದ ಡಾಕ್ಟರುಗಳು ಬಂದಿದ್ದರು. ಯಾರಿಗೂ ಉತ್ಸಾಹವಿರಲಿಲ್ಲ. "ಸಿಡುಬಿನ ಚುಚ್ಚುಮದ್ದೇ ಮುಗಿದಿಲ್ಲ, ಮಲೇರಿಯಾ ಕೆಲಸ ಬೇರೆ ಇದೆ. ಇನ್ನು ಬಾಯಿ ನೋಡೋರು ಯಾರು?" ಅಂದರು ಒಬ್ಬರು. ನಮ್ಮ ಡಾಕ್ಟರಂತೂ ಎದ್ದು ನಿಂತು, "ಪತ್ತೆ ಮಾಡಿ ಏನು ಮಾಡೋಣ ಸಾರ್? ಬೆಂಗಳೂರಿಗೆ ಹೋಗಿ ಅಂತೀವಿ. ಅವರು ಹೋಗಲ್ಲ. ಗೊತ್ತಿಲ್ಲದೆ ಸಾಯೋರು ಗೊತ್ತಾಗಿ ಸಾಯ್ತಾರೆ" ಅಂದುಬಿಟ್ಟರು. ಮೇಲಿನ ಅಧಿಕಾರಿಗಳು ಮೊದಲು ಶುರು ಮಾಡಿ ಅಂದರು. ನನ್ನಂಥ ಕೆಲವು ನರ್ಸುಗಳಿಗೆ ಬಾಯಿ ಹೇಗೆ ನೋಡಬೇಕು, ಬೆರಳಿಟ್ಟು ಗಂಟು ಹೇಗೆ ಗುರುತಿಸಬೇಕು ಅಂತ ಕಲಿಸಿ ಕಳಿಸಿದರು.

ನನ್ನ ಜೊತೆಗೆ ಹಾಕಿದ್ದು ಹೆಲ್ತ್ ಇನ್‌ಸ್ಪೆಕ್ಟರ್ ಬೋರೇಗೌಡರನ್ನು. ದುದ್ದದ ಕಡೆಯವರು, ಜಮೀನಿದ್ದ ಮನೆತನ. ದೊಡ್ಡ ಗಂಟಲು, ದೊಡ್ಡ ನಗು. ಜನ ಸೇರಿಸುವುದು ಅವರ ಕೆಲಸ, ಬಾಯಿ ನೋಡುವುದು ನನ್ನದು. ಎಲೆ ಅಡಿಕೆ ಹೊಗೆಸೊಪ್ಪು ಇಲ್ಲದೆ ಅವರನ್ನು ನಾನು ಕಂಡದ್ದೇ ಇಲ್ಲ. ಎಡದವಡೆ ಯಾವಾಗಲೂ ಉಬ್ಬಿರುತ್ತಿತ್ತು.

ಅವತ್ತು ಹೋಗಿದ್ದು ರಾಮನಾಥಪುರದ ಹತ್ತಿರದ ಒಂದು ಹಳ್ಳಿಗೆ. ಆ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು, ಬೆಳೆದವರೇ ಅಗಿಯುತ್ತಲೂ ಇದ್ದರು. ಸ್ಕೂಲಿನ ಜಗಲಿಯಲ್ಲಿ ಒಂದು ಸ್ಟೂಲು, ಬೋಸಿಯಲ್ಲಿ ಕೈ ತೊಳೆಯುವ ಔಷಧಿ ನೀರು, ನನ್ನ ಕೈಯಲ್ಲೊಂದು ಟಾರ್ಚು. ಗೌಡರು ಕೂಗಿ ಕರೆದು ಒಳ್ಳೆ ಜನವನ್ನೇ ಸೇರಿಸಿದ್ದರು. ಊರಿನ ಪಟೇಲರೂ ಬಂದು ಕೂತಿದ್ದರು.

ಪಟೇಲರು ನನ್ನನ್ನೇ ನೋಡುತ್ತಿದ್ದವರು ಕೇಳಿದರು, "ಯಾವೂರಾಯ್ತಮ್ಮ ನಿಂದು?"

ಊರು ಹೇಳಿದೆ.

"ಆ ಊರಲ್ಲಿ ಯಾರ ಮನೆ?"

ಅಪ್ಪನ ಹೆಸರು ಹೇಳಿದೆ. ಹೆಸರು ಕೇಳಿದರೆ ಸಾಕು, ಕೇರಿ ತಿಳಿಯುತ್ತಿತ್ತು. ಮುಂದೆ ಬಂದಿದ್ದ ಇಬ್ಬರು ಹಿಂದೆ ಸರಿದರು. ಪಟೇಲರು ದನಿ ಏರಿಸಲಿಲ್ಲ. ಮೆಲ್ಲಗೆ, ಬುದ್ಧಿ ಹೇಳುವವರ ಹಾಗೆಯೇ ಅಂದರು, "ನಿನ್ ಮ್ಯಾಲೆ ನಮಗೇನೂ ಬ್ಯಾಸರ ಇಲ್ಲ ಕಣಮ್ಮ. ಚುಚ್ಚು, ಮಾತ್ರೆ ಕೊಡು, ತಕತೀವಿ. ಆದ್ರೆ ಬಾಯೊಳೀಕೆ ಬೆರಳಿಕ್ಕೋದು ಅಂದ್ರೆ ಎಂಗೆ? ಡಾಕ್ಟ್ರೇ ಬರ್ಲಿ, ಆಗ ನೋಡಾನ."

ಟಾರ್ಚು ಆರಿಸಿ ಚೀಲಕ್ಕೆ ಹಾಕಲು ಹೋದೆ. ಅಷ್ಟರಲ್ಲಿ ಬೋರೇಗೌಡರು ಜಗಲಿಯಿಂದ ಇಳಿದು, ಬಾಯಲ್ಲಿದ್ದುದನ್ನು ಉಗಿದು, ಚೊಂಬಿನ ನೀರಿನಲ್ಲಿ ಮುಕ್ಕಳಿಸಿ ಬಂದು ಸ್ಟೂಲಿನ ಮೇಲೆ ಕೂತರು.

"ನೋಡವ್ವ, ಮೊದ್ಲು ನನ್ ಬಾಯಿ ನೋಡು" ಅಂದು ಅಗಲವಾಗಿ ಬಾಯಿ ತೆರೆದರು.

ಹಿಂದೆ ಸರಿದಿದ್ದವರೂ ಕತ್ತು ಚಾಚಿದರು. ನಾನು ಕೈ ತೊಳೆದು ಟಾರ್ಚಿನ ಬೆಳಕು ಬಿಟ್ಟೆ. ನಾಲಗೆ, ಅಂಗುಳ, ಬಲಗೆನ್ನೆ ಎಲ್ಲ ಸರಿಯಾಗಿತ್ತು. ಎಡಗೆನ್ನೆಯನ್ನು ಬೆರಳಿಂದ ಸರಿಸಿದೆ. ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. ಅದರ ನಡುವೆ ಕೆಂಪಗೆ ಹಸಿ ಹುಣ್ಣು. ಮುಟ್ಟಿದರೆ ಅಂಚು ಗಟ್ಟಿ.

ಗೌಡರ ಕಣ್ಣು ನನ್ನ ಮುಖದ ಮೇಲೇ ಇತ್ತು. ಜನರೆದುರು ಏನು ಹೇಳಲಿ? ಏನೂ ಇಲ್ಲ ಅಂದರೆ ಕ್ಯಾಂಪು ನಡೆಯುತ್ತದೆ, ಆಮೇಲೆ ದಾರಿಯಲ್ಲಿ ನಿಜ ಹೇಳಬಹುದು ಅಂತ ಮನಸ್ಸು ಹೇಳಿತು. ಆದರೆ ಸುಳ್ಳಿಗೆ ನಾಲಗೆ ಏಳಲಿಲ್ಲ. ಬಗ್ಗಿ ಅವರ ಕಿವಿಯಲ್ಲಿ, "ಸಾ, ಒಂದು ಹುಣ್ಣಿದೆ. ಡಾಕ್ಟರಿಗೆ ಇವತ್ತೇ ತೋರಿಸಬೇಕು" ಅಂದೆ.

ಗೌಡರು ಬಾಯಿ ಮುಚ್ಚಿದರು. ಆಮೇಲೆ ಎದ್ದು ನಿಂತು, ತಮ್ಮ ಎಂದಿನ ದೊಡ್ಡ ಗಂಟಲಲ್ಲೇ ಹೇಳಿದರು, "ಕೇಳ್ರಪ್ಪ. ನನ್ ಬಾಯಾಗೇ ಹುಣ್ಣು ಐತಂತೆ. ಈಯಮ್ಮ ನೋಡ್ದೆ ಇದ್ದಿದ್ರೆ ನಂಗೆ ಗೊತ್ತಾಯ್ತಿರ್ಲಿಲ್ಲ. ಇನ್ನು ನಿಮ್ಮಿಷ್ಟ."

ಹೆಂಗಸರ ನಡುವಿನಿಂದ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದಳು. "ನನ್ ಬಾಯಿ ನೋಡು ಮಗ. ಒಂದು ಹಲ್ಲೂ ಇಲ್ಲ, ನಿಂಗೆ ಸಲೀಸು" ಅಂದಳು. ಯಾರೋ ನಕ್ಕರು. ಆಕೆಯ ಹಿಂದೆ ಸೊಸೆ ಬಂದಳು, ಅವಳ ಹಿಂದೆ ಇನ್ನೂ ಕೆಲವರು. ಮಧ್ಯಾಹ್ನದವರೆಗೂ ಸಾಲು ಮುರಿಯಲಿಲ್ಲ. ಪಟೇಲರು ಮಾತ್ರ ಬಾಯಿ ತೆರೆಯಲಿಲ್ಲ. ಹೊರಡುವಾಗ ಎಳನೀರು ತರಿಸಿದರು. ಗೌಡರದನ್ನು ಕೈಗೆ ಕೊಟ್ಟರು, ನನ್ನದನ್ನು ಮೆಟ್ಟಿಲ ಮೇಲಿಟ್ಟರು. ಗೌಡರು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ನಾನೂ ಎತ್ತಿಕೊಂಡು ಕುಡಿದೆ. ಬಾಯಾರಿತ್ತು.

ಬಸ್ಸಿನಲ್ಲಿ ಅವರು ಎಡಗೆನ್ನೆ ಒತ್ತಿ ನೋಡಿಕೊಳ್ಳುತ್ತ ಕೂತಿದ್ದರು. ಆಮೇಲೆ, "ಖಾರ ತಿಂದ್ರೆ ಉರೀತಿತ್ತು ಕಣವ್ವ. ಸುಣ್ಣ ಜಾಸ್ತಿ ಆಗಿರ್ಬೇಕು ಅನ್ಕೊಂಡು ಸುಮ್ನಾದೆ" ಅಂದರು. ಇನ್ನೊಂದಿಷ್ಟು ದೂರ ಹೋದ ಮೇಲೆ, "ಮನೇಲಿ ಇದ್ನ ಎಂಗೆ ಏಳೋದು?" ಅಂತ ಕೇಳಿದರು.

ಸಭೆಯಲ್ಲಿ ಎದ್ದು ನಿಂತು ವಾದ ಮಾಡಿದ್ದ ನಮ್ಮ ಡಾಕ್ಟರು ಗೌಡರ ಬಾಯಿ ನೋಡಿದವರೇ ರಜೆ ಹಾಕಿ, ತಾವೇ ಬೆಂಗಳೂರಿಗೆ ಕರೆದುಕೊಂಡು ಹೋದರು. ಅದು ಕ್ಯಾನ್ಸರೇ ಆಗಿತ್ತು, ಆದರೆ ಇನ್ನೂ ಹರಡಿರಲಿಲ್ಲ. ಕೆನ್ನೆಯ ಒಳಭಾಗ ಕತ್ತರಿಸಿ, ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಗೌಡರು ಎಷ್ಟೋ ದಿನ ಗಂಜಿಯಲ್ಲೇ ಬದುಕಿದರು. ಮರಳಿ ಕೆಲಸಕ್ಕೆ ಬಂದಾಗ ಕೆನ್ನೆ ಗುಳಿ ಬಿದ್ದಿತ್ತು, ಮಾತು ತೊದಲುತ್ತಿತ್ತು, ಬಾಯಿ ಅರ್ಧವೇ ತೆರೆಯುತ್ತಿತ್ತು. ಆದರೂ ರಿಟೈರಾಗುವ ತನಕ ಹಳ್ಳಿ ಸುತ್ತಿದರು.

ಮುಂದಿನ ಸಭೆಯಲ್ಲಿ ಡಾಕ್ಟರು ಮತ್ತೆ ಎದ್ದರು. "ನಮ್ಮ ಇನ್‌ಸ್ಪೆಕ್ಟರಿಗೆ ಜೊತೆಗೆ ನಾನಿದ್ದೆ. ಹಳ್ಳಿಯೋರಿಗೆ ಯಾರಿದ್ದಾರೆ? ಕರೆದುಕೊಂಡು ಹೋಗೋ ವ್ಯವಸ್ಥೆ ಮಾಡಿ, ಆಮೇಲೆ ನಮ್ಮನ್ನು ಹಳ್ಳಿಗೆ ಕಳಿಸಿ" ಅಂದರು. ಜಿಲ್ಲೆಯವರು ತಿಂಗಳಿಗೊಮ್ಮೆ ಜೀಪು ಬಿಡಲು ಒಪ್ಪಿದರು. ಒಂದು ಮಹಿಳಾ ಸಮಾಜದವರು ಹೆಂಗಸು ರೋಗಿಗಳ ಜೊತೆ ಬೆಂಗಳೂರಿನವರೆಗೂ ಹೋಗಿಬಂದರು. ಹಾಗೆ ಹೋದವರಲ್ಲಿ ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಕೆಲವು ವರ್ಷಗಳಲ್ಲಿ ಬೇರೆ ಕಾರ್ಯಕ್ರಮ ಬಂತು. ಜೀಪು ಅದಕ್ಕೆ ಹೋಯಿತು, ಬಾಯಿ ನೋಡುವ ಕೆಲಸ ಹಾಗೇ ನಿಂತುಹೋಯಿತು. ಆ ಬೇಸರ ನನಗೆ ಇನ್ನೂ ಇದೆ.

ಗೌಡರು ಅವತ್ತು ಯಾಕೆ ಸ್ಟೂಲಿನ ಮೇಲೆ ಕೂತರು? ನನಗಾದ ಅವಮಾನ ನೋಡಲಾಗದೆ ಕೂತರೋ, ತಮ್ಮ ಬಾಯೊಳಗಿನ ಭಯವನ್ನು ಯಾರಿಗಾದರೂ ತೋರಿಸಿಕೊಳ್ಳಬೇಕೆಂದು ಕೂತರೋ? ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿತ್ತು, ಕೇಳಲಿಲ್ಲ. ಈಗ ಅವರಿಲ್ಲ. ಎರಡೂ ಇದ್ದಿರಬಹುದು ಅಂದುಕೊಳ್ಳುತ್ತೇನೆ. ಆಮೇಲೆ ಸಾವಿರಾರು ಜನ ನನ್ನೆದುರು ಬಾಯಿ ತೆರೆದಿದ್ದಾರೆ. ಒಬ್ಬ ಮನುಷ್ಯ ಇನ್ನೊಬ್ಬರನ್ನು ನಂಬದೆ ಬಾಯಿ ತೆರೆಯುವುದಿಲ್ಲ ಅನ್ನುವುದನ್ನು ನನಗೆ ಕಲಿಸಿದ್ದು ಮಾತ್ರ ಆ ಜಗಲಿ.