ಒಂದು ಹುಣಸೆಬೀಜಕ್ಕೆ ಮೂರು ಶೇಂಗಾ

ನನ್ನ ಮೊಮ್ಮಗಳು ಗೆದ್ದಳು. ಅವಳು ತಂದ ತಿದ್ದುಪಡಿ ನಿನ್ನೆ ರವಿವಾರ ಸಂಜೆ ಪಾಸಾಯಿತು. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಸಂತೋಷ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆದರೆ ನಿನ್ನೆ ನಾನು ಹೆದರಿದ ಹಾಗೆ ಹೆರಿಗೆಯಲ್ಲೂ ಹೆದರಿರಲಿಲ್ಲ.

ನಾನು ಓದಿದ್ದು ಮೂರನೇ ಇಯತ್ತೆ. ತಿಳಿದಷ್ಟು ಹೇಳುತ್ತೇನೆ. ಮೊಮ್ಮಗಳು ಆಫೀಸು ಮುಗಿಸಿ ಕೊಂಢವಾ ಬಡಾವಣೆಯ ನಮ್ಮ ಮನೆಗೆ ಬಂದಮೇಲೆ, ದೇಶ ದೇಶದ ಮಂದಿಯ ಜೊತೆ ಪುಕ್ಕಟೆಯಾಗಿ ಒಂದು ಸಾಫ್ಟ್‌ವೇರ್ ಕಟ್ಟುತ್ತಾಳೆ. ಅದನ್ನು ಕನ್ನಡಕ್ಕೆ ತಂದವರು ಅವಳ ನಾಲ್ವರು ಗೆಳತಿಯರು. ಶಬ್ದ ಸಿಗದಿದ್ದಾಗ ನನ್ನನ್ನೂ ಕೇಳುತ್ತಿದ್ದರು. ಆದರೆ ಆ ಬಳಗದ ನಿಯಮ ಬರೆದ ಮೂಲಪತ್ರದಲ್ಲಿ, ಕೋಡ್ ಬರೆದವರಷ್ಟೇ ಸದಸ್ಯರು, ಅನುವಾದ ಮಾಡಿದವರಿಗೆ ಮತವಿಲ್ಲ ಎಂದಿತ್ತು. ಆ ಸಾಲನ್ನು ಬದಲಿಸಬೇಕೆಂದು ಮೊಮ್ಮಗಳು ಗೊತ್ತುವಳಿ ತಂದಳು. ಅದು ಬಿದ್ದುಹೋದರೆ ಕೆಲಸ ಕೈಬಿಡುತ್ತೇವೆ ಎಂದು ಆ ನಾಲ್ವರೂ ಹೇಳಿದ್ದರು. ಮೂರು ವರ್ಷ ಕೂತು ಕಟ್ಟಿದ ಕನ್ನಡ ಅಲ್ಲಿಗೇ ನಿಲ್ಲುತ್ತಿತ್ತು.

ಬೇರೆ ಮಾತಿಗಾದರೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸಾಕಂತೆ. ಮೂಲಪತ್ರ ತಿದ್ದುವುದಕ್ಕೆ ಸಾಲದು. "ಒಬ್ರು ಬ್ಯಾಡ ಅಂದ್ರ, ಮೂರು ಮಂದಿ ಹೌದು ಅನ್ನಬೇಕು ಅಜ್ಜಿ," ಎಂದಿದ್ದಳು. ಮತಗಳು ಬಂದ ಹಾಗೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲರಿಗೂ ಕಾಣುತ್ತಿದ್ದವು. ಲೆಕ್ಕ ನನ್ನ ತಲೆಯಲ್ಲಿ ನಿಲ್ಲದೆ ಹಿಟ್ಟು ನಾದುವ ಪರಾತದಲ್ಲಿ ಇಡತೊಡಗಿದೆ. ಬೇಡ ಎಂದರೆ ಒಂದು ಹುಣಸೆಬೀಜ, ಹೌದು ಎಂದರೆ ಒಂದು ಶೇಂಗಾಕಾಳು. ಒಂದೊಂದು ಬೀಜದ ಸುತ್ತ ಮೂರು ಕಾಳು ಕೂಡಬೇಕು. ಸೊಸೆ ನೋಡಿ ನಕ್ಕಳು. "ಇದೇನ್ರಿ ಅತ್ತಿ, ಒಬ್ರ ಕುಂತು ಚೌಕಾಬಾರಾ ಆಡಾಕತ್ತೀರಿ?" ನನಗೆ ನಗು ಬರಲಿಲ್ಲ. ಒಂದು ಬೀಜ ಬಿದ್ದರೆ ಮೂರು ಕಾಳಿಗೆ ಕಾಯಬೇಕು. ಪ್ರತಿ ಬೀಜಕ್ಕೂ ಎದೆ ಧಸಕ್ ಎನ್ನುತ್ತಿತ್ತು.

ಐದೂವರೆಗೆ ಮತ ಮುಗಿಯುವುದು. ಐದು ಗಂಟೆಗೆ ಪರಾತದಲ್ಲಿ ಹತ್ತೊಂಬತ್ತು ಬೀಜ. ಹದಿನೆಂಟರ ಸುತ್ತ ಮೂರು ಮೂರು ಕಾಳು, ಕೊನೆಯದರ ಹತ್ತಿರ ಎರಡೇ. ಮತ್ತೆ ಮತ್ತೆ ಎಣಿಸಿದೆ. ಐದೂ ಹತ್ತಾಯಿತು, ಹೊಸ ಮತ ಬರಲಿಲ್ಲ. ಮೊಮ್ಮಗಳು ಉಗುರು ಕಚ್ಚುತ್ತಿದ್ದಳು. ಚಿಕ್ಕವಳಿದ್ದಾಗಲೇ ನಾನು ಬಿಡಿಸಿದ್ದ ಚಟ. ಸುಮ್ಮನೆ ಕೂರಲಾಗದೆ ಕೇಳಿದೆ, "ಇದರಾಗ ನಿನ್ನ ಕಾಳು ಯಾವದು?"

"ನಂದಿಲ್ಲ."

"ಯಾಕ?"

"ನೀನ ಕಲಿಸಿದ್ದಿ. ಮಾತು ತಂದಾಕಿ ತಾನ ಕೈ ಎತ್ತಬಾರದು ಅಂತ."

ನನ್ನ ಜೀವ ಹಾರಿಹೋಯಿತು. ಅದು ನಮ್ಮ ಭಜನಾ ಮಂಡಳಿಯ ರೀತಿ. ಯಾತ್ರೆಗೆ ಹೋಗೋಣ ಎಂದವಳು ತಾನು ಕೈ ಎತ್ತದೆ ಉಳಿದವರ ಕೈ ನೋಡುತ್ತಾಳೆ, ಅದು ಮರ್ಯಾದೆ. ನನ್ನ ತೊಡೆಯ ಮೇಲೆ ಕುಳಿತು ಅದನ್ನೇ ನೋಡಿ ಬೆಳೆದ ಹುಡುಗಿ ಇವಳು. ನಾನು ಕಲಿಸಿದ ಮರ್ಯಾದೆಯೇ ಇವಳನ್ನು ಕೆಡವುತ್ತದಲ್ಲ ಎನಿಸಿತು.

"ಮಂಡಳ್ಯಾಗ ಒಂದು ಕೈ ಕಡಿಮಿ ಆದ್ರ ನಡೀತದವ್ವಾ. ಇಲ್ಲಿ ಆ ಪತ್ರದಾಗ ಏನು ಬರದಾರ, ಅದನ್ನ ನೋಡು."

ಅವಳು ಓದಿದಳು. ಗೊತ್ತುವಳಿ ತಂದವರು ಮತ ಹಾಕಬಾರದು ಎಂದು ಎಲ್ಲಿಯೂ ಇರಲಿಲ್ಲ. ಐದೂ ಇಪ್ಪತ್ತಕ್ಕೆ ಹಾಕಿದಳು. ನಾನು ಕಾಳು ಇಟ್ಟೆ. ಅದು ಉರುಳಿತು, ಮತ್ತೆ ಇಟ್ಟೆ. ಇನ್ನೂ ಹತ್ತು ನಿಮಿಷವಿತ್ತು. ಈಗ ಒಂದೇ ಒಂದು ಬೀಜ ಬಂದರೂ ಎಲ್ಲ ಮುಗಿಯಿತು ಎಂದು ಹೆದರಿಕೆ ಇಮ್ಮಡಿಯಾಯಿತು. ಲ್ಯಾಪ್‌ಟಾಪ್ ಟಿಣ್ ಎಂದಾಗ ಕಣ್ಣು ಮುಚ್ಚಿಕೊಂಡೆ. ಅದು ಅವಳ ಮತ ಮುಟ್ಟಿತೆಂಬ ಉತ್ತರವಂತೆ. ಆದರೂ ಕಣ್ಣು ತೆರೆಯಲಿಲ್ಲ. ಐದೂವರೆಯಾಗಿ, ಮೊಮ್ಮಗಳು ಬಂದು ನನ್ನ ಕೊರಳಿಗೆ ಬಿದ್ದಮೇಲೆಯೇ ತೆರೆದೆ.

ಸೊಸೆ ಪರಾತದ ಕಾಳುಗಳಿಗೆ ಇನ್ನೆರಡು ಬೊಗಸೆ ಸೇರಿಸಿ ಹುರಿದು ಶೇಂಗಾ ಹೋಳಿಗೆ ಮಾಡಿದಳು. ಖಡಕಿಯ ಕಾರ್ಖಾನೆಯಿಂದ ಡ್ಯೂಟಿ ಮುಗಿಸಿ ಬಂದ ಮಗ ಎಲ್ಲ ಕೇಳಿ, "ಅವ್ವಾ, ಇನ್ನ ಮಂಡಳ್ಯಾಗೂ ನಿನ್ನ ಕೈ ಎತ್ತು," ಎಂದ. ಎತ್ತುವುದಕ್ಕೆ ಕೈಯಲ್ಲಿ ಬಲವಿರಲಿಲ್ಲ. ಮೊಮ್ಮಗಳೇ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ಮನೆಯ ನಾಲ್ವರೂ ಕೂಡಿ ಕುಳಿತು ಉಂಡೆವು.