ಎರಡು ಪಾತ್ರೆಯ ಗೋಧಿ

ಗೋಧಿ ಬೆಂದು ಬಿರಿಯುವಾಗ ಉಗಿಯೊಳಗೆ ಒದ್ದೆ ಗೋಣಿಚೀಲದಂಥ, ತುಸು ಹಾಲಿನಂಥ ವಾಸನೆಯೊಂದು ಏಳುತ್ತದೆ. ಕಳೆದ ಶನಿವಾರ ನನ್ನ ಅಡುಗೆಮನೆಯಲ್ಲಿ ಅದು ಎದ್ದಾಗ, ಜರ್ಮನಿಯ ಎರ್ಲಾಂಗೆನ್ನಿನ ಆ ಹಳೆಯ ಮನೆ ಮೆಟ್ಟಿಲು ಮೆಟ್ಟಿಲಾಗಿ ನನ್ನೊಳಗೆ ಮತ್ತೆ ಎದ್ದು ನಿಂತಿತು. ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿ ಎಷ್ಟೋ ವರ್ಷವಾಯಿತು. ಅದರ ಮಹಡಿಯ ಮೇಲೆ ಇದ್ದವರು ನಾವು: ಸಂಶೋಧನೆಗೆಂದು ಧಾರವಾಡದಿಂದ ಬಂದ ಅಪ್ಪ, ಅವ್ವ, ಒಂಬತ್ತು ವರ್ಷದ ನಾನು. ಕೆಳಗೆ ಗ್ರೀಸಿನಿಂದ ವಲಸೆ ಬಂದ ಪಾದ್ರಿ ಪಾಪಾ ಸ್ಟೆಲಿಯೋಸ್ ಮತ್ತು ಅವರ ಹೆಂಡತಿ ಎಲೆನಿ. ಅವರ ಪಂಥದಲ್ಲಿ ಪಾದ್ರಿಗೂ ಸಂಸಾರವಿರಬಹುದು ಎಂಬುದನ್ನು ಒಪ್ಪಿಕೊಳ್ಳಲು ಅವ್ವನಿಗೆ ಒಂದಿಡೀ ಚಳಿಗಾಲ ಬೇಕಾಗಿತ್ತು.

ಭಾನುವಾರ ಪೂಜೆ ಮಾಡುತ್ತಿದ್ದ ಪಾಪಾ ಉಳಿದ ದಿನಗಳಲ್ಲಿ ಪತ್ರಕರ್ತರು. ನೆಲಮಾಳಿಗೆಯಲ್ಲಿ ಅವರದೊಂದು ಸೈಕ್ಲೋಸ್ಟೈಲ್ ಯಂತ್ರವಿತ್ತು. ಕಪ್ಪು ನಿಲುವಂಗಿಯ ತೋಳು ಮಡಚಿ, ಉದ್ದ ಗಡ್ಡಕ್ಕೆ ಮಸಿ ಮೆತ್ತಿಕೊಂಡು, ಗ್ರೀಕ್ ಕಾರ್ಮಿಕರಿಗಾಗಿ ನಾಲ್ಕು ಪುಟದ ಪತ್ರಿಕೆ ತೆಗೆಯುತ್ತಿದ್ದರು. ಒಂದೇ ಕೋಣೆಯಲ್ಲಿ ಆರು ಜನರನ್ನು ತುಂಬಿದ ವಸತಿಗೃಹ, ಅರ್ಥವಾಗದ ಭಾಷೆಯ ಕರಾರಿಗೆ ಹಾಕಿಸಿಕೊಂಡ ಸಹಿ, ಬಸುರಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಹೆಂಗಸು, ಎಲ್ಲವೂ ಅದರಲ್ಲಿ ಹೆಸರು ಹಿಡಿದು ಅಚ್ಚಾಗುತ್ತಿದ್ದವು. "ಪಾದ್ರಿಯ ಕೆಲಸ ಕ್ಷಮಿಸುವುದಲ್ಲವೇ?" ಎಂದು ನಾನೊಮ್ಮೆ ಕೇಳಿದ್ದೆ. "ತಪ್ಪಿನ ಹೆಸರನ್ನೇ ಹೇಳದಿದ್ದರೆ ಏನನ್ನು ಕ್ಷಮಿಸಲಿ, ಮಗೂ?" ಎಂದಿದ್ದರು. ನನ್ನ ಬದುಕಿನ ಹೋರಾಟಗಳೆಲ್ಲ ಆ ಒಂದು ಮಾತಿನಿಂದ ಹೊರಟವು. ಆದ್ದರಿಂದ ನಮ್ಮ ಮನೆಯ ತಪ್ಪುಗಳನ್ನೂ ಇಲ್ಲಿ ಹೇಳಲೇಬೇಕು. ಎಲೆನಿ ಮುಟ್ಟಿದ ಪಾತ್ರೆಯನ್ನು ಅವ್ವ ಬೇರೆಯಾಗಿಟ್ಟು ಮೂರು ಸಲ ತಿಕ್ಕುತ್ತಿದ್ದಳು. ಅವರ ಹೊಸಿಲು ದಾಟುತ್ತಿರಲಿಲ್ಲ. ಅಪ್ಪನದು ಅಂಜಿಕೆ. "ಆ ಪಾದ್ರಿ ಜೋಡಿ ಭಾಳ ಮಾತು ಬ್ಯಾಡ. ನನ್ನ ವೀಸಾ ಇನ್ನೂ ಕೈಗೆ ಬಂದಿಲ್ಲ" ಎನ್ನುತ್ತಿದ್ದರು.

ಎಲೆನಿಯ ತಮ್ಮ ಕೋಸ್ತಾಸ್ ಲೋಹದ ತಗಡು ಒತ್ತುವ ಒಂದು ಕಾರ್ಖಾನೆಯಲ್ಲಿದ್ದ. ಕೆಲಸ ಬೇಗ ಸಾಗಲೆಂದು ಮೇಲಿನವರು ಯಂತ್ರದ ರಕ್ಷಣಾ ಜಾಲರಿಯನ್ನು ತೆಗೆಸಿದ್ದರು. ಒಂದು ದಿನ ಯಂತ್ರ ಅವನ ಕೈಯನ್ನು ಎಳೆದುಕೊಂಡಿತು. ಬಿದ್ದ ಏಟಿಗೆ ತಲೆಯೂ ಒಡೆಯಿತು. ಅವನದೇ ಅಜಾಗ್ರತೆ ಎಂದಿತು ಕಾರ್ಖಾನೆ. ನಡೆದದ್ದನ್ನು ಕಂಡವನು ಕೋಸ್ತಾಸ್ ಒಬ್ಬನೇ, ಅವನಿಗೆ ಎಚ್ಚರವಿರಲಿಲ್ಲ. ಐದು ದಿನ ಪಾಪಾ ಆಸ್ಪತ್ರೆಯಲ್ಲೇ ಕುಳಿತರು. ಎಲೆನಿ ಮಾತ್ರ ಕಚೇರಿಯೊಂದರ ನೆಲ ಒರೆಸಲು ಹೋಗಲೇಬೇಕಿತ್ತು, ರಜೆ ಕೊಟ್ಟಿರಲಿಲ್ಲ. ಇದೂ ಒಂದು ಅನ್ಯಾಯವೇ.

ಆರನೆಯ ದಿನ ಮುಂಜಾನೆ ಫೋನು ಬಂತು. ಕೆಳಮನೆಯಲ್ಲಿ ಫೋನಿರಲಿಲ್ಲ, ನಾನೇ ಎತ್ತಿದೆ. "ಕೋಸ್ತಾಸ್ ಕಣ್ಣು ಬಿಟ್ಟ, ಬದುಕುತ್ತಾನೆ. ಎಲೆನಿ ಬಂದ ಕೂಡಲೇ ಹೇಳು" ಎಂದರು ಪಾಪಾ. ಅವ್ವ ಕುಣಿಯುವುದೊಂದು ಬಾಕಿ. ಹಬ್ಬಕ್ಕೆಂದು ನೆನೆಸಿಟ್ಟಿದ್ದ ಗೋಧಿಯಿಂದ, ಊರಿನಿಂದ ತಂದ ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಸ್ಟೀಲಿನ ಪಾತ್ರೆ ನನ್ನ ಕೈಗಿತ್ತು, "ಮೊದಲ ಬಾಯಿ ಸಿಹಿ ಮಾಡಸು, ಆಮ್ಯಾಲ ಸುದ್ದಿ ಹೇಳು. ಬರಿಬಾಯಿಗೆ ಹೇಳಬಾರದು" ಎಂದಳು.

ಎಲೆನಿ ಕೆಲಸದಿಂದ ಬಂದ ಕೂಡಲೇ ಕೆಳಗಿಳಿದು ಅವಳ ಕೈಗೆ ಪಾತ್ರೆ ಕೊಟ್ಟೆ. ಅವಳು ಮುಚ್ಚಳ ತೆರೆದಳು. ಬೇಯಿಸಿದ ಗೋಧಿಯನ್ನು ಗ್ರೀಕರು ಸತ್ತವರಿಗಾಗಿ ಮಾಡುತ್ತಾರೆ. ಕೋಲಿವಾ ಎಂದು ಅದರ ಹೆಸರು. ಅವ್ವನಿಗೂ ನನಗೂ ಅದು ಗೊತ್ತಿರಲಿಲ್ಲ. ಅವಳು ಗೋಧಿಯನ್ನು ನೋಡಿದಳು, ನನ್ನನ್ನು ನೋಡಿದಳು, ಗೋಡೆಗೆ ಬೆನ್ನು ಒತ್ತಿಕೊಂಡು ನೆಲಕ್ಕೆ ಕುಸಿದಳು. ಆಮೇಲೆ ಹೊರಟ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ಮಾತು ಮೀರದ ಮಗಳಾಗಿ ನಾನು ಚಮಚ ಹಿಡಿದು, "ಮೊದಲು ತಿನ್ನಿ, ಮೊದಲು ತಿನ್ನಿ" ಎನ್ನುತ್ತಲೇ ಇದ್ದೆ.

ಕೂಗು ಕೇಳಿ ಅವ್ವ ಬರಿಗಾಲಲ್ಲಿ ಓಡಿ ಬಂದಳು, ಎಂದೂ ದಾಟದ ಹೊಸಿಲು ದಾಟಿ. ಎಲೆನಿಯ ಭುಜ ಹಿಡಿದು ಅಲುಗಾಡಿಸಿ, "ಅಯ್ಯ, ಅಂವ ಬದುಕ್ಯಾನ! ಬದುಕ್ಯಾನವಾ!" ಎಂದಳು. ಕನ್ನಡ ನಾಟದೆಂದು ಹೊಳೆದು, ತನ್ನ ಕಣ್ಣು ಮುಚ್ಚಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ತೋರಿಸಿದಳು. ಆಗ ನಾನು ಅಳುತ್ತ ಜರ್ಮನ್‌ನಲ್ಲಿ ಎಲ್ಲ ಹೇಳಿದೆ. ಎಲೆನಿ ಎದ್ದು ಕುಳಿತಳು. "ಬದುಕಿದವನಿಗೆ ಯಾರಾದರೂ ಗೋಧಿ ಬೇಯಿಸುತ್ತಾರೇನೇ, ಹುಚ್ಚಿ?" ಎಂದು ಅವ್ವನ ತೋಳಿಗೊಂದು ಏಟು ಹಾಕಿ, ಅಳುತ್ತಲೇ ನಕ್ಕಳು. ಒಂದೇ ಪಾತ್ರೆಯಿಂದ, ಒಂದೇ ಚಮಚದಿಂದ ಇಬ್ಬರೂ ತಿಂದರು. ಅಂದಿನಿಂದ ಅವ್ವ ಪಾತ್ರೆಗಳನ್ನು ಒಂದೇ ಸಲ ತಿಕ್ಕಿದಳು.

ತೆಗೆಸಿದ ಜಾಲರಿಯ ಕತೆಯನ್ನು ಕೋಸ್ತಾಸ್ ತಾನೇ ಹೇಳಿದ, ಪಾಪಾ ಅಚ್ಚು ಹಾಕಿದರು. ಆ ಸಂಚಿಕೆಯ ದಿನ ನೆಲಮಾಳಿಗೆಗೆ ಇಳಿದು ಯಂತ್ರದ ಹಿಡಿಕೆ ತಿರುಗಿಸಿದವರು ನಮ್ಮ ಅಪ್ಪ. ವೀಸಾ ಇನ್ನೂ ಬಂದಿರಲಿಲ್ಲ. ಜಾಲರಿ ಮತ್ತೆ ಯಂತ್ರಕ್ಕೆ ಬಂತು.

ಅಪ್ಪ, ಅವ್ವ, ಎಲೆನಿ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಪಾಪಾ ಕೂಡ. ಕಳೆದ ಶನಿವಾರ ಅವರು ಹೋದ ನಲವತ್ತನೆಯ ದಿನ, ಗ್ರೀಕರಲ್ಲಿ ಸತ್ತವರನ್ನು ನೆನೆಯುವ ದಿನ. ಕೋಲಿವಾದ ತಟ್ಟೆಯ ಪಕ್ಕದಲ್ಲಿ ನಾನು ಹುಗ್ಗಿ ತುಂಬಿದ ಅವ್ವನ ಸ್ಟೀಲ್ ಪಾತ್ರೆ ಇಟ್ಟೆ. ಮುದುಕರಾದ ಕೋಸ್ತಾಸ್ ಎರಡು ಬೆರಳುಳಿದ ಕೈಯಿಂದ ಮುಚ್ಚಳ ತೆಗೆದರು, ವಾಸನೆ ನೋಡಿದರು.

"ಮೊದಲು ಸಿಹಿ," ಎಂದು ಬಾಯಿ ತೆರೆದರು. ತಿನ್ನಿಸಿದೆ. ನಿಧಾನವಾಗಿ ನುಂಗಿ, "ಈಗ ಹೇಳು, ಏನು ಸುದ್ದಿ?" ಎಂದರು.

"ನೀವು ಬದುಕಿದ್ದೀರಿ," ಎಂದೆ.